ಉಸಿರಿಗೆ ತಕ್ಕ ಸಾಲು: ಹಾಡನ್ನು ಬರೆದುಕೊಳ್ಳುವ ಮೊದಲ ಪಾಠ

ಸುಗಮ ಸಂಗೀತ ಕಲಿಯಲು ಹೊಸದಾಗಿ ಬಂದವರಿಗೆ ಮೊದಲ ದಿನ ನಾನು ಹಾಡು ಹೇಳಿಕೊಡುವುದಿಲ್ಲ. ಗೆರೆಯಿರುವ ಒಂದು ನೋಟ್‌ಬುಕ್ಕು, ಪೆನ್ನು, ಪೆನ್ಸಿಲ್ಲು, ರಬ್ಬರು ತನ್ನಿ ಎನ್ನುತ್ತೇನೆ. "ಸಾಹಿತ್ಯ ಮೊಬೈಲಿನಲ್ಲೇ ಇದೆಯಲ್ಲ ಮೇಡಂ, ಬರೆಯೋದ್ಯಾಕೆ?" ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಇಲ್ಲಿ ನಿಧಾನವಾಗಿ ಉತ್ತರ ಹೇಳುತ್ತೇನೆ.

ಒಳ್ಳೆಯ ಕಂಠ, ಸರಿಯಾದ ಶ್ರುತಿ, ತಪ್ಪದ ತಾಳ ಎಲ್ಲ ಇದ್ದೂ ಪದವೇ ಕೇಳಿಸದ ಹಾಡನ್ನು ನೀವೂ ಕೇಳಿರುತ್ತೀರಿ. ರಾಗ ಚೆನ್ನಾಗಿತ್ತು ಎಂದು ಎದ್ದುಹೋದವರಿಗೆ ಮನೆ ಸೇರುವಷ್ಟರಲ್ಲಿ ಒಂದು ಸಾಲೂ ನೆನಪಿರುವುದಿಲ್ಲ. ನಾವು ಅದನ್ನು ನಾಲಿಗೆಯ ದೋಷ ಎಂದುಕೊಳ್ಳುತ್ತೇವೆ. ಕಲಿಸುತ್ತ ಕಲಿಸುತ್ತ ನನಗೆ ಗೊತ್ತಾದದ್ದೇನೆಂದರೆ, ಬಹಳ ಸಲ ಆ ದೋಷ ನಾಲಿಗೆಗೆ ಬರುವ ಮೊದಲೇ ಹಾಳೆಯಲ್ಲಿ ಹುಟ್ಟಿರುತ್ತದೆ. ಕಣ್ಣಿಗಾಗಿ ಅಚ್ಚು ಮಾಡಿದ ಪುಟವನ್ನು ಹಾಗೇ ಹಾಡಲು ಹೊರಟರೆ ಪದ ನಡುವೆ ತುಂಡಾಗುತ್ತದೆ, ಉಸಿರು ಸಲ್ಲದ ಜಾಗದಲ್ಲಿ ಮುಗಿಯುತ್ತದೆ. ಹಾಡುವವರ ಹಾಳೆ ಉಸಿರಿಗಾಗಿ ಬರೆದದ್ದಾಗಿರಬೇಕು.

ಪುಟದ ಸಾಲು, ಬಾಯಿಯ ಸಾಲು

ಹಳೆಯ ತಾಳೆಗರಿಗಳಲ್ಲಿ ಪದದಿಂದ ಪದಕ್ಕೆ ಜಾಗವೇ ಬಿಡುತ್ತಿರಲಿಲ್ಲ. ಅಕ್ಷರಗಳು ಒಂದಕ್ಕೊಂದು ತಾಗಿಕೊಂಡು ಗರಿಯ ಈ ತುದಿಯಿಂದ ಆ ತುದಿಗೆ ಸಾಗುತ್ತಿದ್ದವು. ಅದನ್ನು ಓದುವವರು ಪದ್ಯವನ್ನು ಗುರುವಿನ ಬಾಯಿಂದ ಕೇಳಿ ಕಲಿತಿರುತ್ತಿದ್ದರು. ಗರಿ ನೆನಪಿಗೊಂದು ಆಸರೆ, ಅಷ್ಟೆ. ಎಲ್ಲಿ ಪದ ಒಡೆಯಬೇಕು, ಎಲ್ಲಿ ನಿಲ್ಲಬೇಕು ಎನ್ನುವುದು ಕಿವಿಯಲ್ಲಿರುತ್ತಿತ್ತು.

ಈ ವಿದ್ಯೆ ಇವತ್ತಿಗೂ ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಗಳಲ್ಲಿ ಉಳಿದಿದೆ. ಕುಮಾರವ್ಯಾಸನ ಭಾರತ ಭಾಮಿನಿ ಷಟ್ಪದಿಯಲ್ಲಿದೆ: ಆರು ಸಾಲು, ಮೂರನೆಯದು ಮತ್ತು ಆರನೆಯದು ಉದ್ದ, ಉಳಿದವು ತಲಾ 14 ಮಾತ್ರೆ. ಮಾತ್ರೆ ತುಂಬಿದ ಕಡೆ ಸಾಲು ಮುಗಿಯುತ್ತದೆ, ಆದರೆ ಪದ ಮುಗಿದಿರಬೇಕೆಂದಿಲ್ಲ. ಎಷ್ಟೋ ಪದಗಳ ತಲೆ ಒಂದು ಸಾಲಿನಲ್ಲಿದ್ದರೆ ಕಾಲು ಮುಂದಿನ ಸಾಲಿನಲ್ಲಿರುತ್ತದೆ. ಗಮಕಿ ಸಾಲಿನ ತುದಿಯಲ್ಲಿ ನಿಲ್ಲದೆ ಪದವನ್ನು ಪೂರ್ತಿ ಮಾಡಿ, ಅರ್ಥ ನಿಂತಲ್ಲಿ ತಾವೂ ನಿಲ್ಲುತ್ತಾರೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ. ಅಂಥವರ ವಾಚನ ಕೇಳುವಾಗ ಅಚ್ಚಾದ ಪದ್ಯವನ್ನು ಮುಂದಿಟ್ಟುಕೊಂಡು, ಅವರು ನಿಂತ ಕಡೆಯೆಲ್ಲ ಪೆನ್ಸಿಲಿನಿಂದ ಒಂದು ಗೀಟು ಹಾಕಿ ನೋಡಿ. ಪುಟದ ಸಾಲು ಬೇರೆ, ಬಾಯಿಯ ಸಾಲು ಬೇರೆ ಎನ್ನುವುದು ಒಂದೇ ಪದ್ಯದಲ್ಲಿ ಗೊತ್ತಾಗುತ್ತದೆ.

ನಮಗೆ ಅಷ್ಟು ಕಿವಿಪಾಠ ಆಗಿರುವುದಿಲ್ಲ. ಹಾಗಾಗಿ ಕಿವಿ ಮಾಡಬೇಕಾದ ಕೆಲಸದಲ್ಲಿ ಒಂದಿಷ್ಟನ್ನು ಹಾಳೆಗೆ ವಹಿಸುತ್ತೇವೆ.

ಮೊದಲು ಶುದ್ಧ ಪ್ರತಿ

ಹಾಡನ್ನು ಕವಿಯ ಸಂಕಲನದಿಂದಲೇ ಇಳಿಸಿಕೊಳ್ಳಿ. ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಬಂದ ಪುಸ್ತಕ. ಅದರ ಕವಿತೆಗಳನ್ನು ಇವತ್ತಿಗೂ ಮನೆಮನೆಯಲ್ಲಿ ಹಾಡುತ್ತೇವೆ. ಕವಿತೆಯ ಎಲ್ಲ ನುಡಿಗಳನ್ನೂ ಗಾಯಕರು ಹಾಡುವುದಿಲ್ಲ, ಕೆಲವನ್ನು ಬಿಡುತ್ತಾರೆ. ಧ್ವನಿಮುದ್ರಿಕೆ ಕೇಳಿ ಬರೆದುಕೊಂಡವರಿಗೆ ಬಿಟ್ಟ ನುಡಿ ಯಾವುದೆಂದೇ ತಿಳಿಯುವುದಿಲ್ಲ. ಬಿಟ್ಟ ನುಡಿ ತಿಳಿಯದಿದ್ದರೆ ಹಾಡುವ ನುಡಿಯ ಭಾವವೂ ಅರ್ಧವೇ ಕೈಗೆ ಸಿಗುತ್ತದೆ.

ಪುಟದ ತಲೆಯಲ್ಲಿ ಕವಿಯ ಹೆಸರು, ರಾಗ ಹಾಕಿದವರ ಹೆಸರು, ತಾಳ, ನಿಮ್ಮ ಶ್ರುತಿ ಬರೆಯಿರಿ. ಹಾಡುವ ಮುನ್ನ ಆ ಎರಡು ಹೆಸರನ್ನು ಹೇಳುವುದು ಸುಗಮ ಸಂಗೀತದ ಮರ್ಯಾದೆ. ಸಾಹಿತ್ಯವನ್ನು ಪೆನ್ನಿನಲ್ಲಿ ಬರೆಯಿರಿ, ಯಾಕೆಂದರೆ ಅದು ಕವಿಯದು, ನಾವು ಅಳಿಸುವಂತಿಲ್ಲ. ಇನ್ನು ಮುಂದೆ ಹಾಕುವ ಗುರುತುಗಳೆಲ್ಲ ಪೆನ್ಸಿಲಿನಲ್ಲಿ. ಅವು ನಮ್ಮವು, ಕಲಿಯುತ್ತ ಬದಲಾಗುತ್ತವೆ. ಎರಡು ಸಾಲಿನ ನಡುವೆ ಒಂದು ಗೆರೆ ಖಾಲಿ ಬಿಡಿ.

ಅಭ್ಯಾಸಕ್ಕೆಂದೇ ನಾನು ಕಟ್ಟಿಕೊಂಡ ಎರಡು ಸಾಲು ಇಲ್ಲಿವೆ. ಮುಂದಿನ ಪಾಠವೆಲ್ಲ ಇವುಗಳ ಮೇಲೆಯೇ ನಡೆಯುತ್ತದೆ:

ಹೊಲದಂಚಿನಲೊಂದು ಹಣತೆಯ ಬೆಳಕು
ತೋರುತಲಿರುವುದು ಮರಳುವ ದಾರಿಯ

ಬರೆದಾಯಿತೇ? ಈಗ ಅಕ್ಷರ ಅಕ್ಷರ ಹೋಲಿಸಿ ನೋಡಿ. 'ಮರಳುವ' ಎನ್ನುವಲ್ಲಿ 'ರ'ಕಾರಕ್ಕೆ ಕೈತಪ್ಪಿ ಒಂದು ಕೊಂಬು ಬಿದ್ದರೆ ಮನೆಗೆ ಮರಳುವವನು ಮರುಳನಾಗಿಬಿಡುತ್ತಾನೆ. ಒಮ್ಮೆ ತಪ್ಪಾಗಿ ಬಾಯಿಪಾಠವಾದ ಅಕ್ಷರವನ್ನು ಕೀಳಲು ತಿಂಗಳುಗಟ್ಟಲೆ ಬೇಕು.

ಬೆಸುಗೆಗೊಂದು ಚುಕ್ಕೆ

ಕನ್ನಡದ ಪದಗಳು ಸಂಧಿಯಲ್ಲಿ ಕೂಡಿಕೊಳ್ಳುತ್ತವೆ. ಹೊಲದ, ಅಂಚಿನಲಿ, ಒಂದು ಎಂಬ ಮೂರು ಪದ ಸೇರಿ 'ಹೊಲದಂಚಿನಲೊಂದು' ಆಗಿದೆ. ತೋರುತಲಿ, ಇರುವುದು ಸೇರಿ 'ತೋರುತಲಿರುವುದು' ಆಗಿದೆ. ಹೊಸಬರು ಇಲ್ಲಿ ಎರಡು ರೀತಿ ತಪ್ಪುತ್ತಾರೆ. ಕೆಲವರು ಅರ್ಥವಾಗಲಿ ಎಂದು ಬಿಡಿಸಿ ಬರೆಯುತ್ತಾರೆ: 'ಹೊಲದ ಅಂಚಿನಲಿ ಒಂದು'. ಆಗ ಮಾತ್ರೆ ಹೆಚ್ಚಾಗಿ ತಾಳ ತುಳುಕುತ್ತದೆ. ಕೆಲವರು ಕೂಡಿಸಿಯೇ ಬರೆದು, ಒಳಗೆ ಎಷ್ಟು ಪದ ಇವೆ ಎಂದು ಯೋಚಿಸುವುದಿಲ್ಲ. ಆಗ, ಎಣಿಸಿ ನೋಡಿ, ಹೊ, ಲ, ದಂ, ಚಿ, ನ, ಲೊಂ, ದು: ಏಳೇ ಅಕ್ಷರ, ಆದರೂ ಬಾಯಿಗೆ ಅದೊಂದು ಮುದ್ದೆಯಾಗುತ್ತದೆ.

ದಾರಿ ಸುಲಭ. ಕವಿ ಕೂಡಿಸಿದ್ದನ್ನು ಕೂಡಿಸಿಯೇ ಬರೆಯಿರಿ. ಬೆಸುಗೆ ಬಿದ್ದಿರುವ ಅಕ್ಷರದ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿ. ನಮ್ಮ ಸಾಲಿನಲ್ಲಿ 'ದಂ' ಮೇಲೊಂದು, 'ಲೊಂ' ಮೇಲೊಂದು, ಎರಡನೆಯ ಸಾಲಿನ 'ಲಿ' ಮೇಲೊಂದು. ಚುಕ್ಕೆ ಕಂಡಲ್ಲಿ ಹೊಸ ಪದ ಶುರುವಾಗಿದೆ ಎಂಬ ಎಚ್ಚರವಿರಲಿ, ಅಲ್ಲಿ ನಿಲ್ಲಬೇಡಿ. ಆ ಎಚ್ಚರವೊಂದೇ ದನಿಯಲ್ಲಿ ಒಂದು ಸಣ್ಣ ಒತ್ತನ್ನು ತರುತ್ತದೆ. ಕೇಳುವವರಿಗೆ 'ಅಂಚು' ಕೇಳಿಸುತ್ತದೆ, 'ಒಂದು' ಕೇಳಿಸುತ್ತದೆ.

ಉಸಿರಿನ ಗುರುತು

ಒಬ್ಬ ವಿದ್ಯಾರ್ಥಿನಿ ಈ ಸಾಲುಗಳನ್ನು ಮೊಬೈಲಿನಲ್ಲಿ ಟೈಪು ಮಾಡಿಕೊಂಡು ಬಂದಿದ್ದರು. ಪರದೆ ಕಿರಿದಾದ್ದರಿಂದ ಸಾಲು ತಾನಾಗಿಯೇ ಮುರಿದು, 'ಬೆಳಕು' ಎಂಬ ಪದ ಕೆಳಗಿನ ಸಾಲಿಗೆ ಇಳಿದಿತ್ತು. ಅವರು 'ಹಣತೆಯ' ಎಂದು ಎಳೆದು ನಿಲ್ಲಿಸಿ, ಉಸಿರೆಳೆದುಕೊಂಡು, 'ಬೆಳಕು' ಎಂದು ಶುರುಮಾಡಿದರು. ಹಣತೆಯ... ಏನು? ಎಣ್ಣೆಯೋ, ಬತ್ತಿಯೋ? ಕೇಳುವವರ ಮನಸ್ಸು ಅಲ್ಲೇ ತೂಗಾಡಿತು. ಅವರ ಉಸಿರಿಗೆ ಕೊರತೆಯಿರಲಿಲ್ಲ. ಪರದೆ ಮುರಿದಲ್ಲಿ ಕಣ್ಣು ನಿಂತಿತು, ಕಣ್ಣು ನಿಂತಲ್ಲಿ ಉಸಿರೂ ನಿಂತಿತು.

ಎಲ್ಲಿ ಉಸಿರು ತೆಗೆದುಕೊಳ್ಳಬಹುದು ಎನ್ನುವುದನ್ನು ನಮ್ಮ ವ್ಯಾಕರಣವೇ ಹೇಳಿಕೊಡುತ್ತದೆ. ಮುಂದಿನ ಪದಕ್ಕೆ ಒರಗಿಕೊಂಡಿರುವ ಪದದ ನಂತರ ಉಸಿರು ತೆಗೆಯಬೇಡಿ: 'ಹಣತೆಯ', 'ಹೊಲದ' ಥರದ ಷಷ್ಠಿ ವಿಭಕ್ತಿಯ ಪದಗಳು, 'ಮರಳುವ', 'ಬಂದ', 'ಅರಳಿದ' ಥರದ ವಿಶೇಷಣಗಳು, 'ಒಂದು', 'ಈ', 'ಆ' ಮುಂತಾದವು. ಇವೆಲ್ಲ ಕೈ ಚಾಚಿಕೊಂಡು ನಿಂತಿರುತ್ತವೆ. ಹಿಡಿಯುವ ಪದ ಬರುವತನಕ ಬಿಡುವಂತಿಲ್ಲ. 'ಅಲ್ಲಿ', 'ಇಂದ', 'ಗೆ' ಸೇರಿದ ಪದಗಳ ನಂತರ, 'ನೋಡುತ್ತ', 'ಹೋಗಿ', 'ಕಂಡು' ಮೊದಲಾದ ಕ್ರಿಯೆಗಳ ನಂತರ, ಕರ್ತೃಪದ ಮುಗಿದ ನಂತರ ಬೇಕಿದ್ದರೆ ಚಿಕ್ಕ ಉಸಿರು ಸಲ್ಲುತ್ತದೆ.

ನಮ್ಮ ಸಾಲುಗಳಲ್ಲಿ 'ಬೆಳಕು' ಆದ ಮೇಲೆ ಪೂರ್ಣ ಉಸಿರು. ಅಲ್ಲಿ ಪದದ ತಲೆಯ ಮೇಲೆ ಒಂದು ಸರಿ ಗುರುತು ಹಾಕಿ. 'ತೋರುತಲಿರುವುದು' ಆದ ಮೇಲೆ ಬೇಕಾದವರಿಗೆ ಅರ್ಧ ಉಸಿರು. ಅಲ್ಲಿ ಚಿಕ್ಕ ಗುರುತು. 'ಮರಳುವ ದಾರಿಯ' ಎನ್ನುವುದರ ಅಡಿಯಲ್ಲಿ ಬಿಲ್ಲಿನ ಹಾಗೆ ಒಂದು ಗೆರೆ ಎಳೆಯಿರಿ. ಬಿಲ್ಲು ಇರುವಲ್ಲಿ ಒಡೆಯಬಾರದು ಎಂದರ್ಥ.

ತಾಳದ ಮನೆಗಳು

ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು; ಸೊನ್ನೆಯಿದ್ದರೆ, ಮುಂದೆ ಒತ್ತಕ್ಷರ ಬಂದರೆ ಹ್ರಸ್ವವೂ ಎರಡು. ಶಾಲೆಯಲ್ಲಿ ಕಲಿತ ಲಘು, ಗುರು ಇದೇ. ನಮ್ಮ ಒಂದೊಂದು ಸಾಲಿಗೂ 16 ಮಾತ್ರೆ. ಆದಿತಾಳದ 8 ಎಣಿಕೆಯಲ್ಲಿ ಎಣಿಕೆಗೆ ಎರಡು ಮಾತ್ರೆಯಂತೆ ಹಂಚಿದರೆ ಹೀಗೆ ಕೂರುತ್ತದೆ:

ಹೊಲ | ದಂ | ಚಿನ | ಲೊಂ ‖ ದುಹ | ಣತೆ ‖ ಯಬೆ | ಳಕು ‖
ತೋ | ರುತ | ಲಿರು | ವುದು ‖ ಮರ | ಳುವ ‖ ದಾ | ರಿಯ ‖

ಎರಡನೆಯ ಸಾಲನ್ನು ನೋಡಿ: 'ಮರಳುವ' ಸರಿಯಾಗಿ ಐದನೆಯ ಎಣಿಕೆಗೆ, ದ್ರುತದ (ತಾಳದ ಎರಡೆಣಿಕೆಯ ಭಾಗದ) ಪೆಟ್ಟಿಗೆ ಬೀಳುತ್ತದೆ, 'ದಾರಿಯ' ಮುಂದಿನ ದ್ರುತದ ಪೆಟ್ಟಿಗೆ. ತಾಳವೂ ಪದವೂ ಕೈಹಿಡಿದು ನಡೆಯುತ್ತವೆ. ಹೊಸಬರಿಗೂ ಇದು ಸ್ಪಷ್ಟವಾಗಿ ಬರುತ್ತದೆ. ಮೊದಲ ಸಾಲು ಹಾಗಲ್ಲ. ಐದನೆಯ ಎಣಿಕೆಯ ಪೆಟ್ಟು 'ಒಂದು' ಪದದ ಕೊನೆಯ 'ದು' ಮೇಲೆ ಬಿದ್ದು, ಅದೇ ಮನೆಯಲ್ಲಿ 'ಹಣತೆ'ಯ 'ಹ' ಬಂದು ಕೂತಿದೆ. ತೊಡೆಯ ಮೇಲೆ ತಾಳ ಹಾಕುತ್ತ ಹಾಡಿದರೆ 'ದುಹಣತೆ', 'ಯಬೆಳಕು' ಎಂದೇ ಕೇಳಿಸುತ್ತದೆ. ಅದಕ್ಕೇ ಈ ಮನೆಗಳನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಎಲ್ಲೆಲ್ಲಿ ಪೆಟ್ಟು ಪದದ ನಡುವೆ ಬೀಳುತ್ತದೆ ಎಂದು ಅದು ತೋರಿಸುತ್ತದೆ. ಹಾಡುವ ಹಾಳೆಯಲ್ಲಿ ಆ ಜಾಗಕ್ಕೆ ಮಾತ್ರ ಗುರುತು ಬರಲಿ: 'ಹ' ಅಡಿಯಲ್ಲಿ ಒಂದು ಗೀಟು. ಅರ್ಥ, ಪೆಟ್ಟು 'ದು' ಮೇಲಿದ್ದರೂ ದನಿಯ ಒತ್ತು 'ಹ' ಮೇಲಿರಲಿ.

ಎಣಿಕೆಗೊಂದು ಸೆಕೆಂಡಿನಂತೆ ನಿಧಾನವಾಗಿ ಹಾಡಿದರೂ ಒಂದು ಸಾಲಿಗೆ 8 ಸೆಕೆಂಡು. ಅಷ್ಟು ಉಸಿರು ಎಲ್ಲರ ಎದೆಯಲ್ಲೂ ಇರುತ್ತದೆ. ಸಾಲದಾಯಿತೆಂದರೆ ಶುರುವಿನಲ್ಲೇ ಜೋರಾಗಿ ಖರ್ಚು ಮಾಡಿದ್ದೇವೆ ಎಂದು ತಿಳಿಯಿರಿ.

ಎಡವುವ ಅಕ್ಷರಗಳು

ಈಗ ಸಾಲಿನಲ್ಲಿ ನಿಮ್ಮ ನಾಲಿಗೆ ಜಾರುವ ಅಕ್ಷರಗಳನ್ನು ಹುಡುಕಿ ಸುತ್ತು ಹಾಕಿ. ಪ್ರತಿಯೊಬ್ಬರ ಪಟ್ಟಿ ಬೇರೆ. ಅವರವರ ಊರು, ಮನೆಮಾತಿನ ಮೇಲೆ ಹೋಗುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮನೆಯ ಮಾತು ಮನೆಯಲ್ಲಿ ಚಂದ, ಕವಿಯ ಮಾತನ್ನು ಕವಿ ಬರೆದಂತೆ ಹಾಡೋಣ.

ಹ ಬಿದ್ದುಹೋದರೆ 'ಹಾಡು' ಆಡಾಗುತ್ತದೆ. ನಮ್ಮ ಸಾಲಿನಲ್ಲಿ ಇನ್ನೊಂದು ತೊಂದರೆಯೂ ಇದೆ: 'ಒಂದು ಹಣತೆ' ಎಂಬಲ್ಲಿ 'ಹ' ಸರಿಯಾಗಿ ಬಾರದಿದ್ದರೆ ಎರಡು ಸ್ವರ ಕೂಡಿ 'ಒಂದಣತೆ' ಆಗಿ, ಒಂದು ಮಾತ್ರೆಯೇ ಕಳೆದು ತಾಳ ಮುಗ್ಗರಿಸುತ್ತದೆ. ಲ, ಳ ಅದಲುಬದಲಾದರೆ 'ಬೆಳೆ' ಬೆಲೆಯಾಗುತ್ತದೆ, 'ಹುಳಿ' ಹುಲಿಯಾಗುತ್ತದೆ. ಮಹಾಪ್ರಾಣ ಹೋದರೆ 'ಧನ' ದನವಾಗುತ್ತದೆ. ಶಕಾರ ಸಕಾರವಾದರೆ ದೇವರನಾಮದಲ್ಲಿ ಶಂಕರ ಹೋಗಿ ಸಂಕರ ಬಂದು ಕೂರುತ್ತದೆ.

ಸೊನ್ನೆಯ ವಿಷಯ ಸ್ವಲ್ಪ ನಿಂತು ನೋಡುವಂಥದ್ದು. ಬರೆಯುವಾಗ ಒಂದೇ ಸೊನ್ನೆ, ಉಚ್ಚಾರಣೆಯಲ್ಲಿ ಅದು ಮುಂದಿನ ಅಕ್ಷರದ ಬಣ್ಣ ಪಡೆಯುತ್ತದೆ. 'ಅಂಗ' ಎನ್ನುವಾಗ ಙ್, 'ಅಂಚು' ಎನ್ನುವಾಗ ಞ್, 'ಅಂಟು' ಎನ್ನುವಾಗ ಣ್, 'ಅಂದ' ಎನ್ನುವಾಗ ನ್, 'ಅಂಬರ' ಎನ್ನುವಾಗ ಮ್. ಮಾತಿನಲ್ಲಿ ಇದು ತಾನಾಗಿಯೇ ಆಗುತ್ತದೆ. ಹಾಡಿನಲ್ಲಿ ಆ ಅಕ್ಷರವನ್ನು ಎಳೆಯಬೇಕಾಗಿ ಬಂದಾಗ ಎಷ್ಟೋ ಜನ ತುಟಿ ಮುಚ್ಚಿ ಎಲ್ಲದಕ್ಕೂ 'ಮ್' ಎನ್ನುತ್ತಾರೆ. ಆದ್ದರಿಂದ ನಮ್ಮ 'ದಂ' ಮೇಲೆ ಚಿಕ್ಕದಾಗಿ 'ಞ್', 'ಲೊಂ' ಮೇಲೆ 'ನ್' ಎಂದು ಬರೆದುಕೊಳ್ಳಿ. ಎಳೆಯುವುದಿದ್ದರೆ 'ದ'ಕಾರದ ಸ್ವರವನ್ನು ಎಳೆದು, ಮುಂದಿನ ಎಣಿಕೆ ಬರುವ ಹೊತ್ತಿಗೆ ಮೂಗಿನ ದನಿ ಸೇರಿಸಿ. 'ಬೆಟ್ಟ', 'ಹಕ್ಕಿ' ಥರದ ಪದಗಳಿಗೂ ಇದೇ ಕ್ರಮ: 'ಬೆ' ಮೇಲೆ ಇದ್ದುಕೊಂಡು, 'ಟ್ಟ'ಕ್ಕೆ ಕೊನೆಯ ಗಳಿಗೆಯಲ್ಲಿ ಬನ್ನಿ.

ಅರ್ಕಾವೊತ್ತು ಹೊಸದಾಗಿ ಕನ್ನಡ ಓದುವವರನ್ನು ಕಾಡುತ್ತದೆ. ಕೆಲವು ಪುಸ್ತಕಗಳಲ್ಲಿ ರಕಾರದ ಗುರುತು ಅಕ್ಷರದ ನಂತರ ಬರುತ್ತದೆ, ಉಚ್ಚಾರ ಮಾತ್ರ ಮೊದಲು. 'ಧರ್ಮ', 'ಕೀರ್ತಿ' ಬಂದ ಕಡೆ ಅಡಿಯಲ್ಲಿ 'ಧರ್-ಮ', 'ಕೀರ್-ತಿ' ಎಂದು ಬಿಡಿಸಿ ಬರೆದುಕೊಂಡರೆ ಸಾಕು.

ಪದದ ಕೊನೆಯ ಎಳೆತ

ನನಗೆ ಅತ್ಯಂತ ಮುಖ್ಯವೆನಿಸುವ ಪಾಠ ಇದು. ಕನ್ನಡದಲ್ಲಿ ಪದದ ಕೊನೆಯ ಸ್ವರ ಉದ್ದವಾದರೆ ಅರ್ಥವೇ ಬದಲಾಗುತ್ತದೆ. 'ಅವನು' ಬೇರೆ, 'ಅವನೂ' ಬೇರೆ. 'ಮನೆ' ಎಂದರೆ ಮನೆ, 'ಮನೇ' ಎಂದರೆ ಮನೆಯೇ ಎಂಬ ಒತ್ತು. ಸಾಲಿನ ಕೊನೆಯಲ್ಲಿ ರಾಗ ಎಳೆಯಲು ಹೇಳುತ್ತದೆ, ನಾವು 'ಬೆಳಕು' ಎನ್ನುವುದನ್ನು 'ಬೆಳಕೂ' ಎಂದುಬಿಡುತ್ತೇವೆ. ಬೆಳಕೂ ಎಂದರೆ ಜೊತೆಗೆ ಇನ್ನೇನೋ ಇದೆ ಎಂದಾಯಿತು. ಹೊಲದಂಚಿನಲ್ಲಿ ಇರುವುದು ಬೆಳಕೊಂದೇ.

ಆದ್ದರಿಂದ ಎಳೆಯುವ ಕಡೆ 'ಕೂ' ಎಂದಾಗಲಿ 'ಕುಊಊ' ಎಂದಾಗಲಿ ಬರೆಯಬೇಡಿ. ಅವಗ್ರಹ ಹಾಕಿ: 'ಬೆಳಕುಽ'. ಎರಡು ಎಣಿಕೆ ಎಳೆಯುವುದಿದ್ದರೆ ಎರಡು ಅವಗ್ರಹ. ಅಕ್ಷರ ಹ್ರಸ್ವವೇ, ಎಳೆತ ರಾಗದ್ದು ಎಂದು ಆ ಗುರುತು ನೆನಪಿಸುತ್ತದೆ. ಹಾಡುವಾಗ 'ಕು' ಎಂದು ಚಿಕ್ಕದಾಗಿಯೇ ಮುಟ್ಟಿ, ಆಮೇಲೆ ಉಳಿಯುವ ದನಿಯನ್ನು ಮೆಲ್ಲಗೆ ಇಳಿಸುತ್ತ ಹೋಗಿ. ದನಿ ಏರಿಸಿದರೆ ದೀರ್ಘ, ಇಳಿಸಿದರೆ ಹ್ರಸ್ವದ ನೆರಳು. ಕೇಳುವ ಕಿವಿ ಇದನ್ನು ತಪ್ಪದೆ ಗುರುತಿಸುತ್ತದೆ.

ಕನ್ನಡ ಲಿಪಿ ಬಾರದ ಮಕ್ಕಳಿಗೆ

ಹೊರದೇಶದ ಕನ್ನಡ ಕೂಟಗಳಲ್ಲಿ ಮಕ್ಕಳು ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ. ಹಾಡಲಿ, ಬಹಳ ಸಂತೋಷ. ಆದರೆ ಆ ಲಿಪಿಯಲ್ಲಿ ದ, ಡ ಎರಡೂ ಒಂದೇ. 'ಕಾದು', 'ಕಾಡು' ಒಂದೇ ಥರ ಕಾಣುತ್ತವೆ. 'ಮನೆ', 'ಮಣೆ' ಕೂಡ ಹಾಗೆಯೇ. ಮಕ್ಕಳಿಗೆ ಬರೆದುಕೊಡುವ ಹಿರಿಯರು ಎರಡು ನಿಯಮ ಪಾಲಿಸಿದರೆ ಸಾಕು. ಟ, ಡ, ಣ, ಳ ಬಂದ ಕಡೆ ಅಕ್ಷರದ ಅಡಿಯಲ್ಲಿ ಚುಕ್ಕೆ ಇಡಿ. ವಿದ್ವಾಂಸರು ಬಹುಕಾಲದಿಂದ ಮಾಡುತ್ತ ಬಂದದ್ದೂ ಇದನ್ನೇ. ದೀರ್ಘ ಸ್ವರದ ತಲೆಯ ಮೇಲೆ ಅಡ್ಡಗೆರೆ ಎಳೆಯಿರಿ. ಜೊತೆಗೆ ಪ್ರತಿ ಸಾಲಿನ ಅರ್ಥವನ್ನು ಮಗುವಿಗೆ ಗೊತ್ತಿರುವ ಭಾಷೆಯಲ್ಲಿ ಪಕ್ಕದಲ್ಲೇ ಬರೆಯಿರಿ. ಅರ್ಥ ತಿಳಿದ ಪದವನ್ನು ಮಗು ನುಂಗುವುದಿಲ್ಲ.

ಹಾಡುವ ಮೊದಲು ಓದು

ಗುರುತುಗಳೆಲ್ಲ ಆದ ಮೇಲೆ ರಾಗ ಬಿಟ್ಟು ಮೂರು ಸಲ ಓದಿ. ಮೊದಲ ಸಲ ಮನೆಯವರಿಗೆ ಸಮಾಚಾರ ಹೇಳುವ ಹಾಗೆ: ಹೊಲದಂಚಿನಲ್ಲಿ ಒಂದು ಹಣತೆಯ ಬೆಳಕು ಇದೆಯಂತೆ, ದಾರಿ ತೋರುತ್ತಿದೆಯಂತೆ. ಎರಡನೆಯ ಸಲ ತಾಳ ಹಾಕುತ್ತ. ಮೂರನೆಯ ಸಲ ಪಿಸುಮಾತಿನಲ್ಲಿ. ಪಿಸುಗುಟ್ಟುವಾಗ ಕಂಠದ ಮಾಧುರ್ಯ ಆಸರೆಗೆ ಬರುವುದಿಲ್ಲ, ಅಕ್ಷರವನ್ನು ನಾಲಿಗೆ, ತುಟಿಗಳೇ ಮಾಡಬೇಕು. ಪಿಸುಮಾತಿನಲ್ಲಿ ಪಕ್ಕದವರಿಗೆ ತಿಳಿದರೆ ಹಾಡಿನಲ್ಲಿ ಕೊನೆಯ ಸಾಲಿನವರಿಗೂ ತಿಳಿಯುತ್ತದೆ.

ಚೆನ್ನಾಗಿ ಪಾಠವಾದ ಮೇಲೆ ಗುರುತುಗಳನ್ನು ಒಂದೊಂದಾಗಿ ಅಳಿಸಿ. ಕೊನೆಗೆ ಪೆನ್ನಿನ ಅಕ್ಷರ ಮಾತ್ರ ಉಳಿಯಬೇಕು. ಅಷ್ಟು ಹೊತ್ತಿಗೆ ಹಾಳೆಗೆ ವಹಿಸಿದ್ದ ಕೆಲಸವನ್ನು ಕಿವಿ ವಾಪಸು ತೆಗೆದುಕೊಂಡಿರುತ್ತದೆ.

ಮನೆಪಾಠ ಒಂದಿದೆ. ಕುವೆಂಪು ಅವರ ನಾಡಗೀತೆ ನಮ್ಮೆಲ್ಲರಿಗೂ ಶಾಲೆಯ ಅಂಗಳದಲ್ಲಿ ನಿಂತು ಕಲಿತ ಬಾಯಿಪಾಠ. 2004ರಲ್ಲಿ ಅದು ನಾಡಗೀತೆಯಾಯಿತು; 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ಗೊತ್ತುಮಾಡಿತು. ಪುಸ್ತಕ ನೋಡದೆ, ನೀವು ಹಾಡುವ ಹಾಗೆಯೇ ಅದನ್ನು ಇವತ್ತು ರಾತ್ರಿ ಬರೆಯಿರಿ. ಆಮೇಲೆ ಪಠ್ಯಪುಸ್ತಕ ತೆಗೆದು ಹೋಲಿಸಿ. ಇಷ್ಟು ವರ್ಷ ದನಿಯಲ್ಲಿ ಮಾತ್ರ ಇದ್ದ ಎಷ್ಟೋ ಪದಗಳ ಪೂರ್ಣ ರೂಪ ಆಗ ಮೊದಲ ಸಲ ಕಣ್ಣಿಗೆ ಬೀಳುತ್ತದೆ, ಎಷ್ಟೋ ಸಮಾಸಗಳು ಬಿಡಿಸಿಕೊಂಡು ಅರ್ಥ ಹೇಳುತ್ತವೆ. ಮಾರನೆಯ ದಿನ ಅದೇ ಹಾಡನ್ನು ಹಾಡುವಾಗ ನಿಮ್ಮ ಬಾಯಿ ತಾನಾಗಿಯೇ ನಿಧಾನವಾಗಿ, ಬಿಡಿಬಿಡಿಯಾಗಿ ತೆರೆದುಕೊಳ್ಳುವುದನ್ನು ಗಮನಿಸಿ. ನೋಟ್‌ಬುಕ್ಕಿನ ಮೊದಲ ಪುಟ ಆ ಹಾಡಿಗೇ ಇರಲಿ.